ಮಾವಿನ ಚಿಗುರಿಗೆ ಬಂದ ಸಿಟ್ಟು

ಚಾರ್ವಿ, ಮೊದಲು ಆ ಚಮಚ ಕೆಳಗಿಡು. ಅದು ಉಪ್ಪಿನಕಾಯಿ ಭರಣಿಯದು, ಮಣ್ಣು ಕೆದಕುವುದಕ್ಕಲ್ಲ. ಹಣ್ಣು ತಿಂದು ಗೊರಟೆಯನ್ನು ಈ ಪೇಂಟ್ ಡಬ್ಬಿಯಲ್ಲಿ ಊರಿದವಳು ನೀನೇ. ಬೆಳಿಗ್ಗೆ ಸಂಜೆ ಅದನ್ನು ಎತ್ತಿ ಎತ್ತಿ ನೋಡುವವಳೂ ನೀನೇ. ಹೇಳಿ ಹೇಳಿ ಈ ಅಜ್ಜಿಯ ಬಾಯಿ ನೋಯುತ್ತಿದೆ. ಕೈ ತೊಳೆದು ಬಂದು ಕೂತು ಕೇಳು.

ಭೂಮಿಯ ಮೈ ಇನ್ನೂ ಹಸಿಹಸಿಯಾಗಿದ್ದ ಕಾಲ. ನದಿಗಳಿಗೇ ತಮ್ಮ ದಾರಿ ಸರಿಯಾಗಿ ಗೊತ್ತಿರಲಿಲ್ಲ. ಆಗ ಲೋಕದಲ್ಲಿ ಇದ್ದದ್ದು ಒಂದೇ ಮಾವಿನಹಣ್ಣು. ಎಲ್ಲಿಂದ ಬಂತು ಎಂದು ಕೇಳಬೇಡ, ನನಗೂ ಗೊತ್ತಿಲ್ಲ. ಕೋಳಿ, ಅಳಿಲು, ಗಾಳಿ ಅದನ್ನು ಹಂಚಿಕೊಂಡವು. ಕೋಳಿ, ಅಳಿಲು ತಿರುಳು ತಿಂದವು, ಗಾಳಿ ಪರಿಮಳ ತಿಂದಿತು. ಉಳಿದದ್ದು ಒಂದು ಗೊರಟೆ. ಅದು ಸತ್ತರೆ ಲೋಕದಲ್ಲಿ ಮಾವು ಎನ್ನುವುದೇ ಇಲ್ಲ.

"ಮಣ್ಣಮ್ಮ, ಇದನ್ನ ನೀನೇ ಸಾಕಬೇಕು" ಎಂದು ಮೂವರೂ ಕೇಳಿಕೊಂಡರು.

"ಸಾಕ್ತೀನಿ. ನಮ್ಮ ಪಾಡಿಗೆ ನಮ್ಮನ್ನ ಬಿಡಿ" ಎಂದಳು ಮಣ್ಣಮ್ಮ.

ಬಿಟ್ಟರೆ ತಾನೆ? ಮಾರನೆಯ ದಿನವೇ ಕೋಳಿ ಬಂತು. "ಸುಮ್ನೆ ನೋಡ್ಕೊಂಡು ಹೋಗೋಣ ಅಂತ ಬಂದೆ" ಎಂದು ಪರಪರ ಕೆದಕಿತು.

"ನೋಡೋಕೇನಿದೆ? ನಿನ್ನೆ ಇದ್ದ ಗೊರಟೆಯೇ ಇವತ್ತೂ ಇದೆ" ಎಂದು ಮಣ್ಣಮ್ಮ ಮುಚ್ಚಿದಳು.

ಅಷ್ಟರಲ್ಲಿ ಅಳಿಲು ಬಂತು. "ಸುಮ್ನೆ ನೋಡ್ಕೊಂಡು ಹೋಗೋಣ ಅಂತ ಬಂದೆ." ಅದೂ ತೋಡಿತು. ಮಣ್ಣಮ್ಮ ಮತ್ತೆ ಮುಚ್ಚಿದಳು. ಗಾಳಿ ಬಂದು ಮುಚ್ಚಿದ ಮಣ್ಣನ್ನೆಲ್ಲ ಉಫ್ ಎಂದು ಊದಿತು. ಅದೂ ಸುಮ್ಮನೆ ನೋಡಿಕೊಂಡು ಹೋಗಲಿಕ್ಕೇ ಬಂದದ್ದು. ಹೆರಿಗೆಗೆ ಮುಂಚೆಯೇ ತೊಟ್ಟಿಲೊಳಗೆ ಇಣುಕುವ ನೆಂಟರು ಹೀಗೇ ಇರುತ್ತಾರೆ.

"ಬರ್ತೀನಿ ಅಂದೆನಲ್ಲ, ಬಟ್ಟೆ ಹಾಕ್ಕೊಳ್ತಿದ್ದೀನಿ" ಎಂದು ಗೊರಟೆ ಒಳಗಿನಿಂದ ಗೊಣಗಿತು. ಯಾರು ಕೇಳುತ್ತಾರೆ?

ಒಂದು ದಿನ ಮಣ್ಣಮ್ಮನಿಗೂ ರೇಗಿತು. "ಇಲ್ಲಿ ನೋಡಿ, ಈಗಷ್ಟೇ ಬಿಟ್ಟ ಬೇರು, ತುದಿ ಒಣಗಿದೆ. ಇನ್ನೊಂದು ಸಲ ಎತ್ತಿದ್ರೆ ಇದು ಉಳಿಯೋದಿಲ್ಲ. ಆಮೇಲೆ ಮಾವಿನಹಣ್ಣನ್ನ ಕನಸಲ್ಲಿ ತಿನ್ನಿ."

ಮೂವರಿಗೂ ಭಯವಾಯಿತು. ಕೋಳಿಗಂತೂ ಅಳುವೇ ಬಂತು.

"ಕಂಡ್ರೆ ಕೆದಕಬೇಕು ಅನ್ಸುತ್ತೆ. ನೋಡದೇ ಇರೋಣ" ಎಂದಿತು ಅಳಿಲು. ಮೂವರೂ ಬೆನ್ನು ತಿರುಗಿಸಿ ಕೂತರು. ಗಾಳಿಗೆ ಬೆನ್ನು ಎಲ್ಲಿದೆ ಎಂದು ಕೇಳಬೇಡ, ಆಗ ಇತ್ತು. ಮಳೆ ಬಂದು ಹೋಯಿತು, ಬಿಸಿಲು ಬಂದು ಹೋಯಿತು. ಕೋಳಿಯ ಕತ್ತು ಹಿಂದಕ್ಕೆ ತಿರುಗಿದಾಗಲೆಲ್ಲ ಅಳಿಲು ಅದನ್ನು ಬಾಲದಿಂದ ತಡೆಯಿತು.

ಕೊನೆಗೂ ಗೊರಟೆ ಬಿರಿದು ಚಿಗುರು ಹೊರಗೆ ಬಂತು. ಹೊಸ ಹಸಿರು ಬಟ್ಟೆ ತೊಟ್ಟು, ಎಲ್ಲರೂ ಕಾಯುತ್ತಿದ್ದಾರೆ ಎಂದು ಆಸೆಯಿಂದ ತಲೆ ಎತ್ತಿ ನೋಡಿದರೆ ಮೂರು ಬೆನ್ನು.

ಚಿಗುರು ಮೆಲ್ಲಗೆ ಕೆಮ್ಮಿತು. ಎಲ್ಲಿ ನೋಡಿಬಿಡುತ್ತೇವೋ ಎಂದು ಮೂವರೂ ಕಣ್ಣನ್ನೂ ಗಟ್ಟಿಯಾಗಿ ಮುಚ್ಚಿಕೊಂಡರು.

"ಬರೋಕೆ ಮುಂಚೆ ನನ್ನ ಜೀವ ತಿಂದ್ರಿ. ಈಗ ಬಂದು ನಿಂತಿದ್ದೀನಿ, ಒಬ್ಬರಾದ್ರೂ ತಿರುಗಿ ನೋಡಬಾರದಾ?"

ಸಿಟ್ಟಿಗೆ ಅದರ ಎಲೆ ಎಲೆಯೂ ಕೆಂಪಾಯಿತು. ದುಃಖಕ್ಕೆ ತಲೆ ಕೆಳಗೆ ಬಿತ್ತು. ಮೂವರೂ ತಿರುಗಿ ನೋಡಿ, ಕ್ಷಮೆ ಕೇಳಿ, ದಿನವೂ ಪಕ್ಕದಲ್ಲಿ ಕೂತು ಸಮಾಧಾನ ಮಾಡಿದರು. ಸಿಟ್ಟು ಇಳಿದ ಹಾಗೆಲ್ಲ ಎಲೆ ಹಸಿರಾಗುತ್ತ ಬಂತು.

ಈಗ ನಿನ್ನ ಗೊರಟೆಯನ್ನು ಡಬ್ಬಿಗೆ ಹಾಕಿ ಮಣ್ಣು ಮುಚ್ಚು. ಕೆದಕಬೇಡ. ಆದರೆ ಅದು ತಾನಾಗಿ ಬಂದ ದಿನ ಸ್ಕೂಲಿಗೆ ಹೊತ್ತಾಯಿತು ಎಂದು ಓಡಬೇಡ, ಒಂದು ಗಳಿಗೆ ನಿಂತು ನೋಡು. ಕಿಟಕಿಯಾಚೆ ಎದುರು ಮನೆಯ ಮಾವಿನ ಮರ ಕಾಣುತ್ತದಲ್ಲ, ಅದರ ಕೊಂಬೆಯ ತುದಿಯಲ್ಲಿ ಕೆಂಪಗೆ ಜೋತುಬಿದ್ದಿರುವ ಎಳೆ ಎಲೆಗಳು ಇವತ್ತಿಗೂ ಯಾರಾದರೂ ತಿರುಗಿ ನೋಡಲಿ ಎಂದೇ ಮುನಿಸಿಕೊಂಡಿವೆ.