ಮೂರನೇ ನಗಾರಿ ಮೇಲೆ ಕೂತ ಗೌಡರು

ಒಂದಾನೊಂದು ಕಾಲದಲ್ಲಿ, ಅಂದ್ರೆ ಬಹಳ ಹಿಂದೇನಲ್ಲ ತುಂಗೀ, ನೀನು ಜಾಲಿಮುಳ್ಳು ಚುಚ್ಚಿಸಿಕೊಂಡು ಬಂದ ದಿನ, ನಿನ್ನ ಮಂಡಿಯೊಳಗೆ ಮಂಡಿಪುರ ಅಂತ ಒಂದೂರಿತ್ತಂತೆ. ನಿಮ್ಮ ಮಾವ ನಾನು ಕಣ್ಣಾರೆ ಕಂಡಿದ್ದೇ, ಆದ್ರೂ ಅಂತೆ ಅಂತೀನಿ, ಇಲ್ಲದಿದ್ರೆ ನಿಮ್ಮಮ್ಮ ಬಡಾಯಿ ಅಂತಾಳೆ.

ಊರ ನಡುವೆ ಕೋಟೆ, ಕೋಟೆಯೊಳಗೆ ಮೂರು ನಗಾರಿ. ಡಾಕ್ಟರು ಅವನ್ನ ಜೀನು ಅಂತಾರೆ. ಬಾರಿಸೋಕೆ ಢಣಢಣಪ್ಪ ಅನ್ನೋ ಪ್ರೋಟೀನು. ಕೋಲು ಹಿಡಿದ್ರೆ ಆಸಾಮಿ ನಿಲ್ಲಿಸೋನೇ ಅಲ್ಲ, ಅದಕ್ಕೇ ಹಿಡಿಯಪ್ಪ ಅನ್ನೋ ಇನ್ನೊಂದು ಪ್ರೋಟೀನು ಅವನ ಉಡಿದಾರ ಹಿಡ್ಕೊಂಡು ಕೋಟೆ ಹೊರಗೇ ಕೂರಿಸಿರ್ತಿದ್ದನಂತೆ.

ಆಮೇಲೆ ಮುಳ್ಳಿನ ಮೇಲೆ ಸವಾರಿ ಮಾಡ್ಕೊಂಡು ರೋಗಾಣುಗಳು ಬಂದ್ವಂತೆ, ಕಾವಲಿನವರು ಹೋ ಅಂತ ಕೂಗಿದರಂತೆ, ಆ ಕೂಗಿಗೆ ಹಿಡಿಯಪ್ಪ ಬೆಲ್ಲದ ಹಾಗೆ ಕರಗೇ ಹೋದನಂತೆ, ಢಣಢಣಪ್ಪ ಒಂದೇ ನೆಗೆತಕ್ಕೆ ಕೋಟೆಯೊಳಗೆ! ಮೊದಲನೇ ನಗಾರಿ ಬಾರಿಸಿದ, ಸೈನಿಕರು ನುಗ್ಗಿಬಂದು ಊರೇ ಉಬ್ಬಿಹೋಯ್ತು. ಎರಡನೇದು ಬಾರಿಸಿದ, ಪಂಜುಗಳೆಲ್ಲ ಧಗ್ಗಂತ ಹತ್ಕೊಂಡು ರೋಗಾಣುಗಳು ಕರಕಲು. ಭಲೇ!

ಆದ್ರೆ ನಗಾರಿ ನಿಲ್ಲಲಿಲ್ಲ. ಅದು ನಿಲ್ಲದೆ ಸೈನಿಕರೂ ನಿಲ್ಲೋ ಹಾಗಿಲ್ಲ, ಊರಿನ ಮನೆಗಳಿಗೇ ಪಂಜು ಹಿಡಿದರಂತೆ. ಅದೇ ಉರಿಯೂತ! ಸಂಕವ್ವ ಅನ್ನೋ ಬಾಣಂತಿಯ ಸೂರು ಹೊಗೆಯಾಡ್ತು. ಕೂಸನ್ನ ಎತ್ಕೊಂಡು ಯಾವ ಬೀದಿಗೆ ಹೋದ್ರೂ ಬೆಂಕಿಯೇ. ಆಮೇಲೆ ಸೀದಾ ಕೋಟೆಗೇ ಓಡಿದಳಂತೆ. ನೋಡಿದ್ರೆ ಊರಗೌಡರು ಮೂರನೇ ನಗಾರಿ ಮೇಲೆ ಹತ್ತಿ ಕೂತಿದ್ದಾರೆ!

ಎರಡಕ್ಕೇ ಇಷ್ಟು ಬೆಂಕಿ, ಇದನ್ನೂ ಬಾರಿಸಿದ್ರೆ ಬೂದಿಯೂ ಉಳಿಯಲ್ಲ ಕಣವ್ವ, ನಾನಂತೂ ಏಳಲ್ಲ ಅಂದರಂತೆ. ಕರೆಯೋಕೆ ಎರಡು ನಗಾರಿ ಇಟ್ಟವರು ನಿಲ್ಲಿಸೋಕೆ ಒಂದಾದ್ರೂ ಇಟ್ಟಿರಲ್ವಾ ಗೌಡ್ರೇ, ಏಳ್ರಿ ಮೇಲೆ ಅಂದಳಂತೆ ಸಂಕವ್ವ. ಗೌಡರು ನಗಾರಿಯನ್ನ ಇನ್ನೂ ಬಿಗಿಯಾಗಿ ಹಿಡ್ಕೊಂಡು ಕೂತರಂತೆ. ಸರಿ, ಕೂಸನ್ನ ಅವರ ತೊಡೆ ಮೇಲೆ ಮಲಗಿಸಿದಳಂತೆ. ಕೂಸು ಬೆಚ್ಚಗೆ ತನ್ನ ಕೆಲಸ ಮಾಡ್ತು. ಅಯ್ಯಯ್ಯೋ ಅಂತ ಗೌಡರು ಕೂಸಿನ ಸಮೇತ ಎಗರಿದರಂತೆ!

ಢಣಢಣಪ್ಪನಿಗೆ ಅಷ್ಟೇ ಬೇಕಿತ್ತು, ಮೂರನೇದಕ್ಕೂ ಢಣ್! ಆ ಸದ್ದಿಗೆ ಹೊಸಾ ಹಿಡಿಯಪ್ಪನೇ ಹುಟ್ಟಿಬಂದು, ಉಡಿದಾರಕ್ಕೆ ಕೈ ಹಾಕಿ, ಇವನನ್ನ ದರದರ ಹೊರಗೆ ಎಳ್ಕೊಂಡು ಹೋದನಂತೆ. ತನ್ನನ್ನ ಹಿಡಿಯೋನನ್ನ ತಾನೇ ಬಾರಿಸಿ ಕರೆಸಿಕೊಂಡ ನೋಡು! ನಗಾರಿ ನಿಂತ್ವು, ಪಂಜು ಆರಿದ್ವು, ಸೈನಿಕರು ಮನೆಗೆ ಹೊರಟರು, ಊರಿನ ಊತ ಇಳೀತು.

ಗೌಡರು ಪಂಚೆ ಹಿಂಡಿಕೊಳ್ತಾ, ನಾನು ಎದ್ದಿದ್ದಕ್ಕೇ ಊರು ಉಳೀತು ನೋಡವ್ವ ಅಂದರಂತೆ. ಹೌದು ಗೌಡ್ರೇ, ಎಬ್ಬಿಸಿದ್ಯಾರು ಅಂತ ನಿಮ್ಮ ಪಂಚೆ ಹೇಳ್ತದೆ ಅಂದಳಂತೆ ಸಂಕವ್ವ. ಅವಳ ಸೂರಿಗೆ ಹೊಸ ಹುಲ್ಲು ಬಂತು, ಕೂಸು ತೊಟ್ಟಿಲಿಗೆ ಹೋಯ್ತು, ಕತೆಯೂ ಹೊದ್ದು ಮಲಗ್ತು.