ಒಂಟಿಕಾಲಿನ ಫೋರ್ಕು

ಅಳತೆ ಕೊಟ್ಟು ಮಾಡಿಸಿದ ಬೆಟ್ಟದ ಸೈಕಲ್ಲಿನ ಫ್ರೇಮಿಗೆ, ಮುಂದಿನ ಚಕ್ರ ಹಿಡಿದಿದ್ದ ಗಟ್ಟಿ ಫೋರ್ಕನ್ನು ಕಂಡರಾಗದು. ದಾರಿಯ ಒಂದೊಂದು ಕಲ್ಲಿನ ಸುದ್ದಿಯನ್ನೂ ಅದು ಮೇಲಕ್ಕೆ ಮುಟ್ಟಿಸುತ್ತಿತ್ತು. ಫ್ರೇಮು ಕಿರುಗುಟ್ಟಿ ಕಿರುಗುಟ್ಟಿ ಕೊನೆಗೆ ಅದನ್ನು ಕಳಚಿಸಿತು. ಸವಾರ ಅಲ್ಲಿಗೆ ಒಂದೇ ಕಾಲಿನ, ಕುಲುಕು ತಡೆಯುವ ಶಾಕ್ ಅಬ್ಸಾರ್ಬರ್ ಇರುವ ಫೋರ್ಕು ಹಾಕಿಸಿದ.

"ದಾರಿಯ ಗೊಡವೆ ಇನ್ನು ತಮಗೆ ಬೇಡ, ಧಣಿ. ಎಲ್ಲವನ್ನೂ ನಾನೇ ನುಂಗಿಕೊಳ್ಳುತ್ತೇನೆ," ಎಂದಿತು ಹೊಸ ಫೋರ್ಕು.

ಫ್ರೇಮು ಹಿಗ್ಗಿತು. ಕೈ ನೋಯದ ಸವಾರ ಇಳಿಜಾರಿನಲ್ಲಿ ಬ್ರೇಕು ಮರೆತ. ಫೋರ್ಕಿಗೂ ನುಂಗಲಾಗದ ಬಂಡೆಯೊಂದು ಬಂತು. ಸವಾರನನ್ನು ನಾಲ್ವರು ಹೊತ್ತೊಯ್ದರು. ಕತ್ತು ಮುರಿದ ಫ್ರೇಮು ಸೈಕಲ್ ಅಂಗಡಿಯ ಗುಜರಿ ಮೂಲೆಗೆ ಬಿತ್ತು.

"ದಾರಿ ಕೆಟ್ಟಿದೆ ಅಂತ ಒಂದು ಮಾತು ಹೇಳಬಾರದಿತ್ತೇ?" ಎಂದು ನರಳಿತು.

"ಹೇಳುತ್ತಿದ್ದವನನ್ನು ತಾವೇ ಕಳಚಿಸಿದಿರಲ್ಲ, ಧಣಿ."

ಗೀರೂ ಬೀಳದ ಆ ಫೋರ್ಕನ್ನು ಮೆಕ್ಯಾನಿಕ್ ಆಗಲೇ ಇನ್ನೊಂದು ಸೈಕಲ್ಲಿಗೆ ಬಿಗಿಯುತ್ತಿದ್ದ. ಮೂಲೆಗೆ ಅದರ ದನಿ ಕೇಳಿಸಿತು: "ದಾರಿಯ ಗೊಡವೆ ಇನ್ನು ತಮಗೆ ಬೇಡ, ಧಣಿ."