ಗಾಜಿನ ಪೆಟ್ಟಿಗೆಯ ಚಾಕು

"ಗುರುಗಳೇ, ನಿನ್ನೆ ನಾನು ತೋಡಿ ರಾಗ ನುಡಿಸುತ್ತಿದ್ದಾಗ ನೀವು ನಡುವೆಯೇ ಎದ್ದು ಹೋದಿರಿ. ನಾನು ಮಾಡಿದ ತಪ್ಪೇನು?" ಎಂದು ಶಿಷ್ಯ ಕೇಳಿದ.

ಗುರು ನಾಗಸ್ವರದ ವಿದ್ವಾಂಸರು. ವಯಸ್ಸಾಗಿ, ವಾದ್ಯ ಕೆಳಗಿಟ್ಟು ಎರಡು ವರ್ಷವಾಗಿತ್ತು. ಶಿಷ್ಯ ಅವರ ಬಳಿ ಹನ್ನೆರಡು ವರ್ಷ ಕಲಿತವನು.

"ನಿಮ್ಮ ತೋಡಿಯನ್ನೇ ನುಡಿಸಿದೆ. ನೀವು ಎಳೆಯುವಲ್ಲಿ ಎಳೆದೆ, ನಿಲ್ಲಿಸುವಲ್ಲಿ ನಿಲ್ಲಿಸಿದೆ. ನಾನಾಗಿ ಒಂದು ಸ್ವರವನ್ನೂ ಸೇರಿಸಲಿಲ್ಲ. ಶುರು ಮಾಡುವ ಮುನ್ನ ನಿಮ್ಮ ಹೆಸರು ಹೇಳಿ ಕೈಮುಗಿದೆ" ಎಂದ.

"ಹೇಳಿದ್ದು ಕೇಳಿಸಿತು. ನನಗಿನ್ನೂ ಕಿವಿ ನೆಟ್ಟಗಿದೆ. ಕೂತುಕೋ" ಎಂದು ಗುರು ಈ ಕತೆ ಹೇಳಿದರು.

ಐರ್ಲೆಂಡ್ ಎಂಬ ದೇಶವಿದೆ. ನಾನು ನೋಡಿಲ್ಲ, ನೀನೂ ನೋಡಿಲ್ಲ. ಕತೆಗೆ ಅದೇನೂ ಅಡ್ಡಿಯಿಲ್ಲ. ಅಲ್ಲಿ ಬ್ಯಾಗ್‌ಪೈಪ್ ಎಂಬ ವಾದ್ಯ ನುಡಿಸುತ್ತಾರೆ. ಬಾಯಿಂದ ಊದುವುದಿಲ್ಲ. ಒಂದು ಕಂಕುಳಲ್ಲಿ ತೊಗಲಿನ ಚೀಲ, ಇನ್ನೊಂದು ಮೊಣಕೈ ಕೆಳಗೆ ಕಮ್ಮಾರನ ಬಳಿ ಇರುವಂಥ, ಗಾಳಿ ಒತ್ತುವ ಪುಟ್ಟ ತಿದಿ. ಕೊಳವೆಯೊಳಗೆ ದನಿ ಹೊರಡಿಸುವ ಜೊಂಡಿನ ಪೀಪಿ, ನಮ್ಮ ನಾಗಸ್ವರದ ಬಾಯಲ್ಲಿ ಕೂರುತ್ತದಲ್ಲ, ಹಾಗೆ. ಆ ವಾದಕರಿಬ್ಬರು ಎದುರಾದರೆ ಊರು ಯಾವುದೆಂದು ಕೇಳುವುದಿಲ್ಲ. "ನಿನ್ನ ವಾದ್ಯ ಯಾರು ಮಾಡಿದ್ದು?" ಎಂದು ಕೇಳುತ್ತಾರೆ. ಮಾಡಿದವನ ಹೆಸರೇ ಅವರಿಗೆ ಒಡವೆ.

ಒಬ್ಬ ವಾದಕ ಒಬ್ಬ ಕಸುಬುದಾರನ ವಾದ್ಯಕ್ಕಾಗಿ ಏಳು ವರ್ಷ ಕಾದ. ಕೊನೆಗೆ ಕರೆ ಬಂತು. ಕಸುಬುದಾರ ವಾದ್ಯದ ಜೊತೆಗೆ ಒಂದು ಕಟ್ಟು ಒಣಜೊಂಡನ್ನೂ ಒಂದು ಸಣ್ಣ ಚಾಕುವನ್ನೂ ಕೊಟ್ಟ.

"ವಾದ್ಯದ ಮರ ನಿನ್ನ ಮೊಮ್ಮಕ್ಕಳ ಕಾಲಕ್ಕೂ ಬಾಳುತ್ತದೆ. ಪೀಪಿ ಬಾಳುವುದಿಲ್ಲ. ಅದನ್ನು ನೀನೇ ಕೆತ್ತಿಕೊಳ್ಳಬೇಕು. ಮೊದಲ ಇಪ್ಪತ್ತು ಕೆಡುತ್ತವೆ, ಕೆಡಲಿ" ಎಂದ.

ವಾದಕ ಅವೆರಡನ್ನೂ ಪ್ರಸಾದದಂತೆ ಕಣ್ಣಿಗೊತ್ತಿಕೊಂಡ. ಮನೆಗೆ ಬಂದವನೇ ಗಾಜಿನ ಪೆಟ್ಟಿಗೆ ಮಾಡಿಸಿದ. ಜೊಂಡನ್ನೂ ಚಾಕುವನ್ನೂ ಅದರಲ್ಲಿಟ್ಟು ಬೀಗ ಹಾಕಿದ. ಬಂದವರಿಗೆಲ್ಲ ತೋರಿಸಿದ. ಅಂಥವರ ಕೈಯಿಂದ ಬಂದದ್ದನ್ನು ತಾನು ಕೆತ್ತಿ ಕೆಡಿಸುವುದೇ ಎಂಬುದು ಅವನ ಭಾವನೆ. ಭಕ್ತಿ ನಿಜವಾದದ್ದೇ. ಅದರಲ್ಲಿ ನಾನು ಕೊಂಕು ಹುಡುಕುವುದಿಲ್ಲ.

ಕೆಲವು ವರ್ಷಕ್ಕೆ ಪೀಪಿ ಸವೆಯಿತು. ಮೇಲಿನ ಸ್ವರ ಒಡೆಯತೊಡಗಿತು. ಬೇರೆ ವಾದಕರು ಹೊಸದನ್ನು ಕೆತ್ತಿ ಕೊಡುತ್ತೇವೆಂದರು. ಅವನು ಅವರ ಮೇಲೆ ರೇಗಿದ. ಕಸುಬುದಾರರೇ ಕೂರಿಸಿದ ಪೀಪಿಯನ್ನು ಇನ್ನೊಬ್ಬರು ಮುಟ್ಟುವುದುಂಟೇ! ಹೋದಲ್ಲೆಲ್ಲ ಮೊದಲು ಕಸುಬುದಾರನ ಹೆಸರನ್ನು ಗಟ್ಟಿಯಾಗಿ ಹೇಳುತ್ತಿದ್ದ, ಆಮೇಲೆ ನುಡಿಸುತ್ತಿದ್ದ. ಜನ ಹೆಸರು ಕೇಳಿದರು, ದನಿಯನ್ನೂ ಕೇಳಿದರು. ಹೆಸರು ಕ್ಷೀರಸಾಗರ ಭಟ್ಟ, ಮಜ್ಜಿಗೆಗೆ ಗತಿಯಿಲ್ಲ ಎನ್ನುತ್ತೇವಲ್ಲ, ಅವರೂ ಅಂಥದ್ದೇ ಏನೋ ಅಂದುಕೊಂಡರು. ಆ ಕಸುಬುದಾರನ ಬಳಿ ವಾದ್ಯಕ್ಕೆ ಹೇಳಿದ್ದವರು ಒಬ್ಬೊಬ್ಬರಾಗಿ ಬೇಡವೆಂದರು.

ಕಸುಬುದಾರನಿಗೆ ಕಾರಣ ತಿಳಿಯಲಿಲ್ಲ. ಯಾರೂ ಅವನ ಮುಖಕ್ಕೆ ಹೇಳಲಿಲ್ಲ. ತನ್ನ ಕೈಯೇ ಕೆಟ್ಟಿತೆಂದು ಅವನು ನಂಬಿದ. ಅರ್ಧ ಕೊರೆದ ಕೊಳವೆಯೊಂದು ಮಣೆಯ ಮೇಲಿತ್ತು. ಅದನ್ನು ಹಾಗೆಯೇ ಬಿಟ್ಟು ಉಳಿಗಳನ್ನು ಎತ್ತಿಟ್ಟ. ಐದು ವರ್ಷ ಮುಟ್ಟಲಿಲ್ಲ. ಬೆರಳುಗಳು ಬಿಗಿದುಕೊಂಡವು. ನಂಬಿಕೆ ಹೋದ ಕೈಗಿಂತ ದೊಡ್ಡ ಸಂಕಟ ನಾನು ಕಂಡಿಲ್ಲ.

ಒಂದು ದಿನ ಅವನು ತಾನೇ ವಾದಕನ ಊರಿಗೆ ಹೋದ. ತಾನು ಮಾಡಿದ ವಾದ್ಯ ಎಲ್ಲಿ ತಪ್ಪಿತೆಂದು ಒಂದು ಸಲ ಕಿವಿಯಾರೆ ಕೇಳಿ ತಿಳಿಯಬೇಕೆಂಬುದಷ್ಟೇ ಅವನ ಆಸೆ. ಸಭೆಯ ಹಿಂದೆ ಕೂತ. ವಾದಕ ಅವನ ಗುರುತು ಹಿಡಿದು, ಮಾಡಿದವರು ಇಲ್ಲೇ ಇದ್ದಾರೆಂದು ಎಲ್ಲರಿಗೂ ಸಾರಿದ. ಬಳಿಕ ನುಡಿಸಿದ. ಮೊದಲ ಸಾಲಿಗೇ ಕಸುಬುದಾರ ಅಳತೊಡಗಿದ. ಅದು ಸಂತೋಷದ ಕಣ್ಣೀರೆಂದು ವಾದಕ ಇನ್ನಷ್ಟು ಹೊತ್ತು ನುಡಿಸಿದ.

ಮುಗಿದ ಮೇಲೆ ಕಸುಬುದಾರ ಕೇಳಿದ: "ನಾನು ಕೊಟ್ಟ ಚಾಕು ಎಲ್ಲಿ?"

"ಗಾಜಿನ ಪೆಟ್ಟಿಗೆಯಲ್ಲಿದೆ. ನಿಮ್ಮಾಣೆ, ಇವತ್ತಿನವರೆಗೂ ಮುಟ್ಟಿಲ್ಲ" ಎಂದ ವಾದಕ.

"ಕೈ ಕೆಟ್ಟಿತೆಂದು ನಾನು ಉಳಿ ಎತ್ತಿಟ್ಟುಬಿಟ್ಟೆನಲ್ಲಪ್ಪ" ಎಂದು ಹೇಳಿ ಕಸುಬುದಾರ ಊರಿಗೆ ಹೊರಟ. ಬಿಗಿದ ಬೆರಳು ಇನ್ನು ಉಳಿ ಹಿಡಿಯಲಾರದೆ, ಮಣೆಯ ಮೇಲಿನ ಕೊಳವೆ ಅರ್ಧಕ್ಕೇ ಉಳಿಯಿತು.

ಗುರು ಕತೆ ನಿಲ್ಲಿಸಿದರು. ಶಿಷ್ಯ, "ಆ ವಾದಕ ಶುದ್ಧ ಮೂರ್ಖ, ಗುರುಗಳೇ" ಎಂದ.

"ತೋಡಿಯಲ್ಲಿ ನಾನು ನಡುನಡುವೆ ನಿಲ್ಲಿಸುತ್ತಿದ್ದುದು ಮುಪ್ಪಿಗೆ ಉಸಿರು ಸಾಲದೆ; ನಿನಗೆ ಇಪ್ಪತ್ತೆಂಟು ವರ್ಷ, ನೀನು ಏಕೆ ನಿಲ್ಲಿಸಿದೆ?" ಎಂದರು ಗುರು.